ಉಸಿರಿನ ಸೂಜಿ

ಆ ಸೂಜಿಯನ್ನು ನಮ್ಮೂರಿನೊಳಗೆ ಬಿಟ್ಟುಕೊಳ್ಳಬಾರದು ಎಂದು ಬೆಂಕಿಕಟ್ಟೆಯಲ್ಲಿ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಅರಚಿದವಳು ನಾನೇ. ನನ್ನ ಬಾಯಿ ಅಂಥದ್ದು. ಈ ಜೇಜು ದ್ವೀಪದಲ್ಲಿ ಬೂ ಯೊಂಗ್ಸಿಲ್ ಕೂಗಿದರೆ ಮೀನುಗಳೂ ದಿಕ್ಕು ಬದಲಿಸುತ್ತವೆ ಎಂದು ನನ್ನ ಗೆಳತಿ ಇನ್ಸುಕ್ ಆಡಿಕೊಳ್ಳುತ್ತಿದ್ದಳು.

ಬೆಂಕಿಕಟ್ಟೆ ಅಂದರೆ ದಡದಲ್ಲಿ ಕಪ್ಪು ಕಲ್ಲು ಪೇರಿಸಿ ಗಾಳಿಗೆ ಮರೆ ಮಾಡಿಕೊಂಡ ಜಾಗ. ಚಿಪ್ಪು ಹೆಕ್ಕಲು ಕಡಲಲ್ಲಿ ಮುಳುಗುವ ಹೆಂಗಸರು ನಾವೆಲ್ಲ ಬಟ್ಟೆ ಬದಲಿಸುವುದು, ಮೈ ಕಾಯಿಸಿಕೊಳ್ಳುವುದು, ಜಗಳವಾಡುವುದು ಅಲ್ಲೇ. ನಮ್ಮ ಕಟ್ಟಳೆಗಳೆಲ್ಲ ಹುಟ್ಟುವುದೂ ಅಲ್ಲೇ.

ಪೇಟೆಯ ಚಿಕಿತ್ಸಾಲಯಕ್ಕೆ ಆ ಮದ್ದು ಬಂದು ಆರು ತಿಂಗಳಾಗಿತ್ತು. ಚುಚ್ಚಿಸಿಕೊಂಡವರ ಮೈ ಯಾವ ಕೆಲಸದಲ್ಲಿ ಸವೆದಿದೆಯೋ ಆ ಕೆಲಸಕ್ಕೇ ಅದು ನೂರು ಪಟ್ಟು ಕಸುವು ತುಂಬುತ್ತಿತ್ತು. ಕಿತ್ತಳೆ ಮೂಟೆ ಹೊರುವವನೊಬ್ಬ ಲಾರಿಯ ಹಿಂಭಾಗವನ್ನೇ ಎತ್ತಿ ಹಿಡಿದ. ಬಸ್ಸಿನ ಡ್ರೈವರು ದಟ್ಟ ಮಂಜಿನಲ್ಲೂ ಹಾಡಹಗಲಿನಂತೆ ಓಡಿಸಿದ. ನೂಡಲ್ ಅಂಗಡಿಯ ಹೆಂಗಸು ಕುದಿಯುವ ನೀರಿಗೆ ಬರಿಗೈ ಹಾಕಿ ನೂಡಲ್ ಎತ್ತಿ ಬಟ್ಟಲಿಗೆ ಹಾಕುತ್ತಿದ್ದಳು, ಗಿರಾಕಿಗಳು ಊಟ ಮರೆತು ಅವಳ ಕೈ ನೋಡುತ್ತಿದ್ದರು. ಇನ್ನು ನಮ್ಮಂಥವರು ಚುಚ್ಚಿಸಿಕೊಂಡರೆ? ಉಸಿರು. ಬೆಳಗ್ಗೆ ಮುಳುಗಿ ಮಧ್ಯಾಹ್ನ ಏಳುವಷ್ಟು ಉಸಿರು.

"ನಂಗೆ ಮಂಡಿ ಹಿಡ್ಕೊಂಡಿದೆ ಕಣೇ. ಒಂದ್ ಸಲ ಚುಚ್ಚಿಸ್ಕೊಂಡ್ರೆ ನಿಂದೇನು ಗಂಟು ಹೋಗತ್ತೆ?" ಎಂದು ಗ್ವಿದೊಕ್ ಕೇಳಿದಳು. ನಮ್ಮಲ್ಲೆಲ್ಲ ಅವಳಷ್ಟು ಜುಗ್ಗಿ ಇನ್ನೊಬ್ಬಳಿಲ್ಲ, ಒಣಗಿದ ಪಾಚಿಯನ್ನೂ ಎಣಿಸಿ ಕೊಡುವವಳು.

"ನೀನು ಅರ್ಧ ದಿನ ಕೆಳಗಿದ್ರೆ ಕಡಲಲ್ಲಿ ಉಪ್ಪೂ ಉಳಿಯಲ್ಲ!" ಎಂದೆ ನಾನು.

ಎಲ್ಲರೂ ನಕ್ಕರು. ಆದರೆ ಮಾತು ತಮಾಷೆಯದಾಗಿರಲಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯಬಾರದು ಎಂದು ನಮ್ಮ ಅಮ್ಮಂದಿರ ಕಾಲದಲ್ಲೇ ತೀರ್ಮಾನವಾಗಿತ್ತು. ಒಂದು ಉಸಿರಿಗೆ ದಕ್ಕಿದ್ದಷ್ಟೇ ನಮ್ಮದು, ಮಿಕ್ಕಿದ್ದು ಕಡಲಿನದು. ಸೂಜಿಗೂ ಅದೇ ಕಟ್ಟಳೆ ಮಾಡಿದೆವು. ಚುಚ್ಚಿಸಿಕೊಂಡವಳು ಸಾಯುವ ತನಕ ಈ ಕಡಲಿನಿಂದ ಒಂದು ಚಿಪ್ಪನ್ನೂ ತೆಗೆಯಕೂಡದು. ಮೊದಲು ಕೈ ಎತ್ತಿದವಳು ಇನ್ಸುಕ್. ಕೊನೆಗೆ ಗೊಣಗುತ್ತ ಗ್ವಿದೊಕ್ ಕೂಡ ಎತ್ತಿದಳು.

ಕಡಲಿನ ವಿಷಯದಲ್ಲಿ ನಾವು ಒಬ್ಬರಿಗೊಬ್ಬರು ಪ್ರಾಣ ಕೊಡುತ್ತೇವೆ, ಆದರೆ ಬಂಡೆಯ ಗುಟ್ಟು ಕೊಡುವುದಿಲ್ಲ. ಒಳ್ಳೆಯ ಬೆಲೆ ಬರುವ ದೊಡ್ಡ ಅಬಲೋನ್ ಚಿಪ್ಪುಗಳು ಕಚ್ಚಿಕೊಂಡು ಬೆಳೆಯುವ ಬಂಡೆ ಒಬ್ಬೊಬ್ಬಳಿಗೂ ಒಂದಾದರೂ ಇರುತ್ತದೆ. ಅದು ಎಲ್ಲಿದೆ ಎಂದು ಕೇಳುವುದೇ ಮಾನಗೇಡಿ ಕೆಲಸ. ಬೆಳಗ್ಗೆ "ಎಲ್ಲಿಗೆ ಹೊರಟೆ?" ಅಂದರೆ ಪಡುವಣಕ್ಕೆ ಹೋಗುವವಳು ಮೂಡಣ ಅನ್ನುತ್ತಾಳೆ. ಸುಳ್ಳೆಂದು ಎಲ್ಲರಿಗೂ ಗೊತ್ತು, ಯಾರಿಗೂ ಬೇಸರವಿಲ್ಲ.

ಆವತ್ತು ಇನ್ಸುಕ್ "ಪಡುವಣದ ಕಡೆ ಹೋಗ್ತೀನಿ ಕಣೇ" ಎಂದಳು. ನಾನು ತಲೆಯಾಡಿಸಿದೆ. ಚಳಿಗಾಲದ ಹೊಸ್ತಿಲು, ಗಾಳಿ ಆಗಾಗ ತಿರುಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅಲೆ ಎದ್ದು ಎಲ್ಲರೂ ದಡಕ್ಕೆ ಬಂದಾಗ ಒಬ್ಬಳು ಕಡಿಮೆ. ನೀರಿನಿಂದ ಮೇಲೆ ಬಂದಾಗ ನಾವು ಸಿಳ್ಳೆಯಂತೆ ಉಸಿರು ಬಿಡುತ್ತೇವೆ, ಅವಳ ಸಿಳ್ಳೆ ಯಾವಾಗ ನಿಂತಿತೆಂದು ಗಾಳಿಯ ಗದ್ದಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಮುಳುಗಿದ ಜಾಗದ ಗುರುತಿಗೆ ಬಿಡುವ ಅವಳ ಕಿತ್ತಳೆ ಬಣ್ಣದ ತೇಲುಬುಂಡೆ ಪಡುವಣದ ಕರೀಮೂಲೆಯ ಹತ್ತಿರ ಸಿಕ್ಕಿತು, ಲಂಗರಿನ ಹಗ್ಗ ಹರಿದಿತ್ತು. ಅಲ್ಲಿ ಹುಡುಕಿದೆವು. ತುಟಿ ನೀಲಿಗಟ್ಟುವ ತನಕ ಮುಳುಗಿದೆವು. ಕಡಲ ಕಾವಲಿನವರು ದೋಣಿ ತಂದರು, ಅವರೂ ಹುಡುಕಿದರು. ಆಮೇಲೆ ಕಡಲು ಕೆರಳಿ ಯಾರನ್ನೂ ಒಳಗೆ ಬಿಡಲಿಲ್ಲ. ಅಲೆ ಇಳಿದ ಮೇಲೆ ಅವರು ತಲೆ ತಗ್ಗಿಸಿ, ಇನ್ನು ಆಸೆಯಿಲ್ಲ ಎಂದು ಹೇಳಿ ಹೋದರು.

ಇನ್ಸುಕ್‌ಳ ಅಮ್ಮ ಮಾತ್ರ ದಡ ಬಿಟ್ಟು ಏಳಲಿಲ್ಲ. ತೊಂಬತ್ತರ ಹತ್ತಿರದ ಮುದುಕಿ, ಮೊನ್ನೆ ಮೊನ್ನೆಯ ತನಕ ತಾನೂ ಮುಳುಗುತ್ತಿದ್ದವಳು. ಗಂಜಿ ಮುಂದಿಟ್ಟರೆ ಬಟ್ಟಲನ್ನು ಕಡಲ ಕಡೆ ತಿರುಗಿಸಿಡುತ್ತಿದ್ದಳು. ಡೋಲು ಬಡಿದು ಸತ್ತವಳ ಜೀವವನ್ನು ನೀರಿನಿಂದ ಕರೆದು ತರುವ ಪೂಜೆ ಮಾಡಿಸೋಣ ಎಂದು ಊರವರು ಹೇಳಲು ಹೋದರೆ ಉರಿದುಬಿದ್ದಳು.

"ಕರೆಯೋಕೆ ಅವಳೇನು ಪರ ಊರಿಗೆ ಹೋಗಿದ್ದಾಳಾ? ಇಲ್ಲೇ ಕಣ್ಣೆದುರಿಗೆ ನೀರಲ್ಲಿದ್ದಾಳೆ. ಮೊದಲು ನನ್ನ ಮಗಳನ್ನ ತಂದ್ಕೊಡಿ. ಆಮೇಲೆ ಡೋಲು ಬಡ್ಕೊಳ್ಳಿ."

ಹಾಗೆಂದು ನನ್ನ ತೋಳು ಹಿಡಿದುಕೊಂಡಳು. "ಯೊಂಗ್ಸಿಲ್, ನೀನು ಜೊತೇಲಿ ಇಳಿದೋಳು. ಒಬ್ಬಳೇ ಬಂದ್ಬಿಟ್ಯಲ್ಲೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತನ್ನು ತಡೆಯಲಾಗಲಿಲ್ಲ. ನನಗೂ ಇನ್ಸುಕ್‌ಗೂ ಮೂವತ್ತು ವರ್ಷದ ನೀರಿನ ನಂಟು. ಅವಳನ್ನು ಅಲ್ಲಿ ಬಿಟ್ಟು ನಾನು ಇಲ್ಲಿ ಅನ್ನ ಉಣ್ಣುವುದು ಆಗದ ಮಾತು. ಅವಳನ್ನು ತಂದೇ ತರುತ್ತೇನೆ ಎಂದು ಅಲ್ಲೇ ಮನಸ್ಸಿಗೆ ಹೇಳಿಕೊಂಡೆ.

ಮರುದಿನ ಮೊದಲ ಬಸ್ಸಿಗೆ ಪೇಟೆಗೆ ಹೋದೆ. ಚಿಕಿತ್ಸಾಲಯದ ಡಾಕ್ಟರ್ ಎಳೆಯ ಹುಡುಗ, ಒಳ್ಳೆಯವನು. "ಅಮ್ಮಾ, ಇದು ಒಂದ್ಸಲ ಮೈಗೆ ಹತ್ತಿದ್ರೆ ಬಿಡಲ್ಲ. ಸಾಯೋ ತನಕ ಇರತ್ತೆ. ಮನೇಲಿ ಹೋಗಿ ಇನ್ನೊಂದ್ಸಲ ಯೋಚನೆ ಮಾಡಿ" ಎಂದ.

"ಯೋಚನೆ ಮಾಡಿಯೇ ಬಸ್ ಹತ್ತಿದ್ದು. ಚುಚ್ಚಪ್ಪಾ."

ಊರಿಗೆ ಮರಳಿ ನೆಟ್ಟಗೆ ಬೆಂಕಿಕಟ್ಟೆಗೆ ಹೋದೆ. ನನ್ನ ಬಲೆಚೀಲವನ್ನೂ ಚಿಪ್ಪು ಮೀಟುವ ಕಬ್ಬಿಣವನ್ನೂ ಎಲ್ಲರ ಕಣ್ಣೆದುರಿಗೆ ಕೆಳಗಿಟ್ಟೆ. ಎಲ್ಲರೂ ನನ್ನ ತೋಳಿನ ಮೇಲಿನ ಹತ್ತಿಯ ತುಂಡನ್ನು ನೋಡಿದರು. ಗ್ವಿದೊಕ್ ಮಾತ್ರ "ಅಯ್ಯೋ ಹುಚ್ಚಿ! ಏನ್ ಮಾಡ್ಕೊಂಡ್ಯೇ!" ಎಂದು ಬಾಯಿಗೆ ಕೈ ಇಟ್ಟುಕೊಂಡಳು. ನಾನು ಬರಿಗೈಯಲ್ಲಿ ನೀರಿಗಿಳಿದೆ.

ಅದು ಹೇಗಿತ್ತೆಂದು ಹೇಳಿಬಿಡುತ್ತೇನೆ. ಹದಿನೈದರ ವಯಸ್ಸಿನಿಂದ ನನ್ನ ಎದೆಯನ್ನು ಒಳಗಿನಿಂದ ಗುದ್ದಿ "ಮೇಲೆ ನಡಿ, ಮೇಲೆ ನಡಿ" ಎನ್ನುತ್ತಿದ್ದ ಆ ಸಂಕಟ ಬರಲೇ ಇಲ್ಲ. ಕಾದೆ. ಬರಲಿಲ್ಲ. ಚಳಿ ಮೈಯನ್ನು ಸೋಕಿ ಹೋಯಿತು, ಕಚ್ಚಲಿಲ್ಲ. ಕತ್ತಲ ನೀರಿನಲ್ಲಿ ಏಡಿಯ ಮೀಸೆ ಅಲುಗುವುದೂ ಕಂಡಿತು. ಯಾವ ಹೆಂಗಸೂ ಕಾಲಿಡದ ಪಡುವಣದ ಕಮರಿಯೊಳಗೆ, ನೀಲಿ ಕಪ್ಪಾಗುವ ಕಡೆಗೆ, ಸಂತೆಗೆ ಹೋಗುವವಳಂತೆ ನಡೆದುಕೊಂಡೇ ಹೋದೆ. ಗೆಳತಿಯ ಹೆಣ ಹುಡುಕಲು ಹೋದವಳಿಗೆ ಒಂದು ಗಳಿಗೆ ಖುಷಿಯಾಯಿತು! ನಾಚಿಕೆಯಿಂದ ಸತ್ತುಹೋಗುವಂತಾಯಿತು. ಇನ್ಸುಕ್ ಇದ್ದಿದ್ದರೆ "ಬಂದ ಕೆಲಸ ನೋಡೇ" ಎನ್ನುತ್ತಿದ್ದಳು. ಬಂದ ಕೆಲಸ ನೋಡಿದೆ.

ಕರೀಮೂಲೆಯಿಂದ ಹಿಡಿದು ಕಮರಿಯ ತಳದ ತನಕ ಒಂದೊಂದು ಬಂಡೆಯ ಸಂದಿಗೂ ಕೈ ಹಾಕಿದೆ. ಪಾಚಿಯ ಕಾಡನ್ನು ತಲೆಗೂದಲು ಬಾಚುವಂತೆ ಬಾಚಿದೆ. ಸಂಜೆ ದಡಕ್ಕೆ ಬಂದರೆ ಆ ಮುದುಕಿ ಮುಖವೆತ್ತಿ ನೋಡುತ್ತಾಳೆ. ನಾನು ತಲೆ ಅಲ್ಲಾಡಿಸುತ್ತೇನೆ. ಅವಳು ಮತ್ತೆ ಕಡಲ ಕಡೆ ತಿರುಗುತ್ತಾಳೆ. ಹೀಗೆ ಕೆಲವು ದಿನ ನಡೆಯಿತು. ಸಿಗದಿದ್ದರೆ ಚೀನಾದ ದಡದ ತನಕ ನಡೆಯುತ್ತೇನೆ ಎಂದು ಹಲ್ಲು ಕಚ್ಚಿ ನಿರ್ಧರಿಸಿದ್ದೆ.

ಹಾಗೆ ಒಂದು ಮಧ್ಯಾಹ್ನ, ಪಡುವಣವನ್ನೆಲ್ಲ ಮುಗಿಸಿ ಮೂಡಣದ ಕಡೆಯಿಂದ ಸುತ್ತಿ ವಾಪಸಾಗುವಾಗ, ನನ್ನ ಬಂಡೆಯ ಹತ್ತಿರ ಕಾಲು ತಾನಾಗಿ ತಿರುಗಿತು. ಬರೀ ಅಭ್ಯಾಸ. ದಡಕ್ಕೆ ಹತ್ತಿರದ ಸೀಳುಬಂಡೆ ಅದು, ಎಂಟು ಮಾರು ಆಳ, ಒಂದೇ ಉಸಿರಿನ ದೂರ. ಚಿಪ್ಪು ಬಲಿಯಲಿ ಎಂದು ಆ ತಿಂಗಳು ಅದರ ತಂಟೆಗೆ ಹೋಗಿರಲಿಲ್ಲ. ಅಲ್ಲಿ ಹುಡುಕಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ಬಂಡೆ, ನನ್ನೊಬ್ಬಳದು, ಅಲ್ಲಿಗೆ ಇನ್ಯಾರು ಹೋಗುತ್ತಾರೆ?

ಇನ್ಸುಕ್ ಅಲ್ಲಿದ್ದಳು.

ಸೀಳಿನ ಒಳಗೆ, ಚಾವಣಿಯಂತೆ ಚಾಚಿದ ಕಲ್ಲಿನ ಅಡಿಯಲ್ಲಿ. ಮೀಟುವ ಕಬ್ಬಿಣವನ್ನು ಚಿಪ್ಪಿನ ಅಡಿಗೆ ತೂರಿಸಿದ್ದಳು, ಚಿಪ್ಪು ಗಬಕ್ಕನೆ ಕಲ್ಲಿಗೆ ಕಚ್ಚಿಕೊಂಡಿತ್ತು. ಕಬ್ಬಿಣವನ್ನು ಕೈಗೆ ಕಟ್ಟಿದ ಹಗ್ಗದ ಕುಣಿಕೆ ಮಣಿಕಟ್ಟಿನಿಂದ ಬಿಚ್ಚಿರಲಿಲ್ಲ. ಅಷ್ಟೇ. ನಮ್ಮವರು ಸಾಯುವುದೇ ಹೀಗೆ.

ಪ್ರತಿ ವಸಂತದಲ್ಲೂ ನನ್ನ ಬಂಡೆಯಿಂದ ಒಂದೆರಡು ದೊಡ್ಡ ಚಿಪ್ಪು ಕಾಣೆಯಾಗುತ್ತಿದ್ದವು. ಆಕ್ಟೋಪಸ್ ತಿಂದಿದೆ ಎಂದು ನಾನು ಬೆಂಕಿಯ ಮುಂದೆ ಕೂತು ಶಾಪ ಹಾಕುತ್ತಿದ್ದೆ. ಪಕ್ಕದಲ್ಲಿ ಇನ್ಸುಕ್ ಕೂತು "ನಂದೂ ತಿಂದಿದೆ ಕಣೇ, ಹಾಳಾದ್ದು" ಎಂದು ನನಗಿಂತ ಜೋರಾಗಿ ಬೈಯುತ್ತಿದ್ದಳು. ಇಬ್ಬರೂ ಒಂದೇ ಬಂಡೆಯನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬದುಕಿದ್ದೆವು. ಅದಕ್ಕೇ ಆವತ್ತು ಪಡುವಣ ಅಂದಿದ್ದಳು, ಹಗ್ಗ ಹರಿದ ತೇಲುಬುಂಡೆಯನ್ನು ಅಲೆ ಅಲ್ಲಿಗೆ ಒಯ್ದು ಆ ಸುಳ್ಳನ್ನು ನಿಜ ಮಾಡಿತ್ತು. ನೀರಿನ ತಳದಲ್ಲಿ ಕೂತು ಅತ್ತೆ. ಅಲ್ಲಿ ಎಷ್ಟು ಹೊತ್ತು ಬೇಕಾದರೂ ಅಳುವ ಶಕ್ತಿ ನನಗೆ ಬಂದಿತ್ತು. ಸೂಜಿಯಿಲ್ಲದೆ, ನನ್ನ ಹಳೆಯ ಉಸಿರಿನಲ್ಲೇ, ಮೊದಲ ದಿನವೇ ಅವಳನ್ನು ತರಬಹುದಿತ್ತು. ಆ ಗಳಿಗೆಯಲ್ಲೇ ಅಲ್ಲಿಗೆ ಹೋಗಿದ್ದರೆ ಬಹುಶಃ ಜೀವ ಸಹಿತ.

ಕುಣಿಕೆ ಬಿಚ್ಚಿದೆ. ಮಗುವನ್ನು ಎತ್ತುವಂತೆ ಎತ್ತಿಕೊಂಡು ಮೇಲೆ ಬಂದೆ.

ಹೆಂಗಸರೆಲ್ಲ ಸೊಂಟದ ತನಕ ನೀರಿಗೆ ಓಡಿ ಬಂದರು. ಮುದುಕಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೂದಲಿನಿಂದ ಪಾಚಿ ಬಿಡಿಸುತ್ತ ಕೇಳಿದಳು: "ಎಲ್ಲಿದ್ಲು?"

ಸುಳ್ಳು ಹೇಳಬಹುದಿತ್ತು. ಕಮರಿಯಲ್ಲಿ ಅಂದಿದ್ದರೆ ಎಲ್ಲರೂ ನಂಬುತ್ತಿದ್ದರು, ನನ್ನ ಸೂಜಿಗೂ ಒಂದು ಅರ್ಥ ಬರುತ್ತಿತ್ತು. ಬಾಯಿ ಬರಲಿಲ್ಲ. "ನನ್ನ ಬಂಡೇಲಿ, ದೊಡ್ಡಮ್ಮಾ. ಇಲ್ಲೇ ಹತ್ತಿರದಲ್ಲಿ. ನಂಗೆ ಹೊಳೀಲೇ ಇಲ್ಲ."

ಮುದುಕಿ ಮಗಳ ಕೆನ್ನೆ ತಟ್ಟಿದಳು. "ಕಳ್ಳಿ! ಗೆಳತಿ ಬಂಡೆಗೇ ಕನ್ನ ಹಾಕ್ತಿದ್ಯೇನೇ?" ಎಂದು ನಗಲು ಹೋಗಿ ಹೋ ಎಂದು ಅತ್ತಳು. ಹೆಂಗಸರೆಲ್ಲ ಅತ್ತರು. ಆ ಸಂಜೆ ಮುದುಕಿ ಗಂಜಿ ಕುಡಿದಳು.

ಗೆಳತಿಯನ್ನು ಮಣ್ಣು ಮಾಡಿದ ಮೇಲೆ ಬೆಂಕಿಕಟ್ಟೆಯಲ್ಲಿ ಸಭೆ ಕರೆದೆ. ಇನ್ಸುಕ್‌ಳ ಅಮ್ಮನೂ ಬಂದು ಗೋಡೆಗೆ ಒರಗಿ ಕೂತಳು. ನಾನು ಸುತ್ತಿ ಬಳಸಲಿಲ್ಲ. "ಕಟ್ಟಳೆ ಮಾಡಿಸಿದೋಳು ನಾನು, ಸೂಜಿ ಚುಚ್ಚಿಸ್ಕೊಂಡೋಳೂ ನಾನು. ಇವತ್ತಿಂದ ಈ ಕಡಲಲ್ಲಿ ಒಂದು ಚಿಪ್ಪೂ ಮುಟ್ಟಲ್ಲ."

"ಅಕ್ಕಾ, ಇನ್ಸುಕ್‌ಗೋಸ್ಕರ ಅಲ್ವಾ ಮಾಡಿದ್ದು! ಯಾರು ನಿನ್ನನ್ನ ಬೇಡ ಅಂದ್ರು?" ಎಂದು ಹಲವರು ಒಟ್ಟಿಗೆ ಕೂಗಿದರು.

"ಒಬ್ಬಳಿಗೋಸ್ಕರ ಸಡಿಲ ಮಾಡಿದ್ರೆ ನಾಳೆ ಪ್ರತಿಯೊಬ್ಬಳಿಗೂ ಒಂದು ಕಾರಣ ಸಿಗತ್ತೆ. ಬೇಡ. ಇನ್ನೊಂದು ಮಾತು. ನನ್ನ ಬಂಡೆ ಎಲ್ಲಿದೆ ಅಂತ ಕೇಳಿಸ್ಕೊಳ್ಳಿ. ಕಿತ್ತಳೆ ತೋಟದ ಕಲ್ಲುಗೋಡೆಯ ಮೂಲೆ, ದೀಪಸ್ತಂಭದ ತುದಿ, ಎರಡೂ ಒಂದೇ ಗೆರೆಗೆ ಬರೋ ಕಡೆ. ಎಂಟು ಮಾರು."

ಬೆಂಕಿಕಟ್ಟೆಯಲ್ಲಿ ಅಂಥ ಮಾತನ್ನು ಯಾರೂ ಎಂದೂ ಆಡಿರಲಿಲ್ಲ. ನಾನು ಎದ್ದು ಹೊರಟೆ.

"ಎಲ್ಲಿಗೆ ಹೊರಟೆ? ಕೂತ್ಕೋ" ಎಂದಳು ಗ್ವಿದೊಕ್. "ಚಿಪ್ಪು ಮುಟ್ಟಬೇಡ, ಯಾರು ಮುಟ್ಟು ಅಂದ್ರು? ಬರಿಗೈಯಲ್ಲಿ ನಮ್ಮ ಜೊತೆ ಇಳಿ. ಒಬ್ಬಳು ಮೇಲೆ ಬರಲಿಲ್ಲ ಅಂದ್ರೆ ಹೋಗಿ ಎಳ್ಕೊಂಡು ಬಾ. ಅದಕ್ಕೆ ನಾವೆಲ್ಲಿರ್ತೀವಿ ಅಂತ ನಿಂಗೆ ಗೊತ್ತಿರಬೇಕಲ್ಲ? ಕೇಳಿಸ್ಕೋ. ನಂದು ಕರೀಮೂಲೆಯಿಂದ ಆಚೆ, ಹಳೇ ಐಸ್ ಕಾರ್ಖಾನೆ ಚಿಮಣಿ ಗುಡ್ಡದ ಮಡಿಲಿಗೆ ಬರೋ ಕಡೆ."

"ಏಯ್! ಅದು ನನ್ನ ಬಂಡೆ!" ಎಂದು ಹಿಂದಿನಿಂದ ಒಬ್ಬಳು ಎಗರಿದಳು.

"ನಿನ್ನ ತಾತ ಇಟ್ಟಿದ್ನೇನೇ ಅದನ್ನ!"

ನಗು, ಬೈಗುಳ, ಅಳು ಎಲ್ಲ ಒಟ್ಟಿಗೆ ಎದ್ದವು. ಆ ಗದ್ದಲದ ನಡುವೆಯೇ ಒಬ್ಬೊಬ್ಬಳೂ ಬಂದು ನನ್ನ ಮುಂದೆ ನಿಂತು ತನ್ನ ಬಂಡೆಯ ಗುರುತು ಹೇಳಿದಳು. ನಾನು ಒಂದೊಂದನ್ನೂ ಗಟ್ಟಿಯಾಗಿ ತಿರುಗಿ ಹೇಳಿ ಬಾಯಿಪಾಠ ಮಾಡಿಕೊಂಡೆ. ಇನ್ನು ಒಬ್ಬಳನ್ನೂ ಅಲ್ಲಿ ಬಿಟ್ಟು ಬರುವುದಿಲ್ಲ ಎಂದು ಪ್ರತಿ ಸಲವೂ ನನಗೆ ನಾನೇ ಹೇಳಿಕೊಂಡೆ.

ಎಲ್ಲರದೂ ಮುಗಿದ ಮೇಲೆ ಇನ್ಸುಕ್‌ಳ ಅಮ್ಮ ಗೋಡೆ ಹಿಡಿದುಕೊಂಡು ಎದ್ದಳು.

"ನಂದೂ ಒಂದಿದೆ, ನೆನಪಿಟ್ಕೋ" ಎಂದಳು. "ಶಾಲೆ ಬಾವುಟದ ಕಂಬ, ನಮ್ಮನೆ ಹಿತ್ತಲ ಮರ, ಎರಡೂ ಒಂದಾಗೋ ಕಡೆ. ಆಳ ಇಲ್ಲ. ಕೈ ಹಾಕಿದ್ರೆ ಸಿಗತ್ತೆ, ಅಷ್ಟೊಂದಿವೆ. ಎಪ್ಪತ್ತು ವರ್ಷ ಮುಚ್ಚಿಟ್ಕೊಂಡಿದ್ದೆ."

ದೊಡ್ಡಮ್ಮಾ, ಸಾಕು ಕೂತ್ಕೋ ಎಂದು ನಾನು ಕೈ ಹಿಡಿದೆ. ಅವಳು ಕೂರಲಿಲ್ಲ.

"ನನ್ನ ಮಗಳಿಗೂ ಹೇಳಿರಲಿಲ್ಲ ಕಣೇ" ಎಂದಳು.