ನೀರು ಹೊತ್ತವಳ ಮನೆ

ನನಗೆ ಮೂಗಿನ ತುದಿಯಲ್ಲೇ ಕೋಪ, ಊರಿಗೆಲ್ಲ ಗೊತ್ತು. ಆ ಬೆಳಿಗ್ಗೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನನ್ನ ಗಂಡ ಅಜೆಕುಮ್ ತಮ್ಮ ಕಡೆಯವರನ್ನೆಲ್ಲ ಅಂಗಳಕ್ಕೆ ಕರೆಸಿದ್ದರು. “ಸಾಯೋವರೆಗೂ ನನ್ನ ನೋಡ್ಕೊಳ್ಳೋಳು ಇವಳೇ. ಮನೆ ಇವಳಿಗೆ ಕೊಡ್ತೀನಿ” ಎಂದರು.

ನಮ್ಮ ಅಸಾಂಟೆಯವರಲ್ಲಿ ಗಂಡಸು ಸತ್ತರೆ ಆಸ್ತಿ ಅವನ ಅಕ್ಕತಂಗಿಯರ ಮಕ್ಕಳ ಪಾಲು. ಸರಕಾರದ ಕಾನೂನು ಬೇರೆ ಹೇಳುತ್ತದಂತೆ. ಆದರೆ ವಿಧವೆಯ ಬಾಗಿಲಿಗೆ ಮೊದಲು ಬೀಗ ಜಡಿಯುವವರು ನೆಂಟರೇ. ಅದಕ್ಕೇ ಬದುಕಿರುವಾಗಲೇ ಎಲ್ಲರೆದುರು ಕೊಡಬೇಕು. ಪಡೆದವಳು ‘ಅಸೆಡಾ’ ಎಂದು, ಅಂದರೆ ಕೃತಜ್ಞತೆಯ ಕಾಣಿಕೆಯಾಗಿ, ಒಂದು ಬಾಟಲಿ ಜಿನ್ ಇಡಬೇಕು. ಅದನ್ನು ಕುಡಿದವರು ಆಮೇಲೆ ತಕರಾರು ತೆಗೆಯುವಂತಿಲ್ಲ.

ಬಾಟಲಿ ಇಟ್ಟೆ. ಅವರ ಅಕ್ಕನ ಮಗ ಓಫೊರಿ ಲೋಟ ಮುಟ್ಟಲಿಲ್ಲ.

“ಮಾಮಂಗೆ ಅರಳು ಮರಳು. ನಿನ್ನೆ ಉಂಡಿದ್ದೇ ನೆನಪಿಲ್ಲ, ಮನೆ ಕೊಡ್ತಾರಂತೆ! ಇಂಥ ಮಾತು ನಿಲ್ಲುತ್ತಾ?”

“ಉಣ್ಣಿಸೋಳು ನಾನು. ನಿಂಗೆ ಹೆಂಗೆ ಗೊತ್ತಾಯ್ತಪ್ಪಾ?” ಎಂದೆ. ಬಾಯಿಯ ಬೀಗ ಅಷ್ಟಕ್ಕೇ ಕಳಚಿತ್ತು.

ಓಫೊರಿಯ ತಾಯಿ, ನನ್ನ ಅತ್ತಿಗೆ ಸೆರ್ವಾ, ಮನೆತನಕ್ಕೇ ಹಿರಿಯಳು. ಅವಳು ಕೈಯೆತ್ತಿದಳು.

“ಸುಮ್ನಿರ್ರೋ. ತಮ್ಮಾ, ಇವಳ ಹೆಸರೇನು ಹೇಳು ನೋಡೋಣ.”

ನನ್ನ ಗಂಡ ನನ್ನನ್ನು ಬಹಳ ಹೊತ್ತು ನೋಡಿದರು. ಓಫೊರಿ ಮುಸಿಮುಸಿ ನಕ್ಕ.

“ಹೆಸರು ಬಾಯಿಗೆ ಬರ್ತಿಲ್ಲಕ್ಕಾ,” ಎಂದರು. “ಈ ಗೋಡೆ ಎಬ್ಬಿಸೋವಾಗ ಹೊಳೆಯಿಂದ ನೀರು ಹೊತ್ತೋಳು ಇವಳು. ತುಂಬಿದ ಬಸುರಿ. ಬೇಡ ಕಣೇ ಅಂದ್ರೆ ನಂಗೇ ಬೈದ್ಲು. ಆವತ್ತು ನೀವ್ಯಾರೂ ಬರ್ಲಿಲ್ಲ. ಮನೆ ಇವಳ್ದು.”

ಸೆರ್ವಾ ಲೋಟಕ್ಕೆ ಜಿನ್ ಬಗ್ಗಿಸಿ, ತೀರಿಕೊಂಡ ಹಿರಿಯರಿಗೆಂದು ನೆಲಕ್ಕೆ ಒಂದಿಷ್ಟು ಚೆಲ್ಲಿ, ಉಳಿದದ್ದನ್ನು ಕುಡಿದುಬಿಟ್ಟಳು.

“ಬೈದಿದ್ದಂತೂ ನಿಜ ಇರ್ಬೇಕು,” ಎಂದು ಬಾಯೊರೆಸಿಕೊಂಡು, ಮತ್ತೆ ಲೋಟ ತುಂಬಿ ಮಗನ ಮುಂದೆ ಹಿಡಿದಳು. “ಕುಡಿಯೋ.”

ಹೆತ್ತವಳೇ ಕುಡಿದ ಮೇಲೆ ಅವನೇನು ಮಾಡಿಯಾನು? ಮುಖ ಹುಳ್ಳಗೆ ಮಾಡಿಕೊಂಡು ಕುಡಿದ.

ಎಲ್ಲರೂ ಹೋದ ಮೇಲೆ ಇವರಿಗೆ ಫುಫು ಮುದ್ದೆ ತಿನ್ನಿಸಲು ಕೂತೆ. ಮನೆ ಸಿಕ್ಕಿತು ನಿಜ, ಆದರೆ ನನ್ನ ಹೆಸರೇ ಮರೆತರಲ್ಲ ಎಂದು ನೊಂದುಕೊಂಡಿದ್ದೆ. ಸುಳ್ಳೇಕೆ ಹೇಳಲಿ? ಅವರು ತುತ್ತು ನುಂಗಿ ಸುತ್ತ ಕಣ್ಣಾಡಿಸಿದರು.

“ಯಾರ ಮನೆಯಮ್ಮಾ ಇದು?”

“ನಂದು.”

“ಚೆನ್ನಾಗಿದೆ. ನಾನೂ ಇಲ್ಲೇ ಇರ್ಬಹುದಾ?”

ಇನ್ನೊಂದು ತುತ್ತು ಮುರಿದು ಅವರ ಬಾಯಿಗಿಟ್ಟೆ.

“ಇರಿ,” ಎಂದೆ. “ಬೈದ್ರೆ ಮಾತ್ರ ಬೈಸ್ಕೋಬೇಕು.”