ಬಂಗಾರಬಣ್ಣದ ಡಿಸ್ಕು

ಬೆಳ್ಳಿಯ ತಟ್ಟೆಯಲ್ಲಿ ವೀಳ್ಯದೆಲೆ ಹಾಸಿ, ಅದರ ಮೇಲೆ ಎರಡು ಹಾರ್ಡ್ ಡಿಸ್ಕುಗಳನ್ನು ಇಟ್ಟಿದ್ದರು, ಹೆಣ್ಣು ನೋಡಲು ಬಂದವರ ಮುಂದೆ ಅಕ್ಕತಂಗಿಯರನ್ನು ಕೂರಿಸಿದ ಹಾಗೆ. ಒಂದು ದಪ್ಪಗೆ, ಕಪ್ಪಗೆ, ಮೈತುಂಬ ರಬ್ಬರಿನ ಅಂಗಿ ತೊಟ್ಟಿತ್ತು. ಇನ್ನೊಂದು ತೆಳ್ಳಗಿನ ಬಂಗಾರಬಣ್ಣದ್ದು, ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ನಮ್ಮೂರ ಜಾನಪದ ಸಂಘದ ಮಹಾನುಭಾವರು ಆ ತಟ್ಟೆಯ ಸುತ್ತ ಕುಳಿತು ಅವಲಕ್ಕಿ ಮೆಲ್ಲುತ್ತಿದ್ದರು.

ಕೊಳ್ಳಬೇಕಾದ ಕಾರಣ ಇಷ್ಟೇ. ಬೀಸುಕಲ್ಲಿನ ಪದಗಳ ತಂಗೆವ್ವ ತೀರಿಕೊಂಡಿದ್ದಳು. ಅವಳು ಹಾಡಿದ್ದನ್ನೆಲ್ಲ ನಾನು ವರ್ಷಗಟ್ಟಲೆ ಅವಳ ಪಡಸಾಲೆಯಲ್ಲಿ ಕುಳಿತು ರೆಕಾರ್ಡ್ ಮಾಡಿದ್ದೆ. ಅವು ಇದ್ದದ್ದು ಸಂಘದ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಅದೋ, ಇಂದೋ ನಾಳೆಯೋ ಎನ್ನುವಂತೆ ಕಟಕಟ ಸದ್ದು ಮಾಡುತ್ತಿತ್ತು. ಅದು ಕಣ್ಣು ಮುಚ್ಚುವುದರೊಳಗೆ ಆ ದನಿಯನ್ನು ಬೇರೆ ಕಡೆಗೆ ಇಳಿಸಿಕೊಳ್ಳಬೇಕಿತ್ತು.

"ಕರೇದ್ದ ತಗೋರಿ," ಎಂದೆ. "ಜಾಗ ಭಾಳ ಐತಿ. ಕೈಜಾರಿ ಬಿದ್ರೂ ತಡಕೊಂತೈತಿ. ಆ ಬಂಗಾರದ್ದರಾಗ ಕಾಲುಭಾಗಾನೂ ಹಿಡ್ಸೂದಿಲ್ಲ."

ಅಧ್ಯಕ್ಷ ಚನಮಲ್ಲಪ್ಪನವರು ಬಾಯಿ ಒರೆಸಿಕೊಂಡರು. "ತಮ್ಮಾ, ಇದನ್ನ ವೇದಿಕೆ ಮ್ಯಾಲೆ ಲೋಕಾರ್ಪಣೆ ಮಾಡೂದೈತಿ. ಫೋಟೋದಾಗ ಈ ಕರೇದು ಇಜ್ಜಲ ತುಂಡಿನಂಗ ಕಾಣ್ತೈತಿ."

"ಹೌದ್ರಿ ಸಾಹೇಬ್ರ," ಎಂದ ಕಾರ್ಯದರ್ಶಿ ಗುರುಪಾದಪ್ಪ. "ಬಂಗಾರದ್ದು ನಿಮ್ಮ ಶಾಲಿಗೂ ಒಪ್ತೈತಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಆ ಗುರುಪಾದಪ್ಪನದು. ಡಿಸ್ಕಿನಲ್ಲಿ ಏನು ತುಂಬುತ್ತಾರೆ, ಯಾಕೆ ತುಂಬುತ್ತಾರೆ ಎಂಬುದು ಅವನ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಸಭೆಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸುವುದನ್ನು ನಾನು ಅಲ್ಲಿಗೇ ನಿಲ್ಲಿಸಿದೆ. ಕಪ್ಪು ಡಿಸ್ಕು ಅಂದೇ ಅಂಗಡಿಗೆ ಹಿಂತಿರುಗಿತು.

ಲೋಕಾರ್ಪಣೆ ಜೋರಾಗಿಯೇ ನಡೆಯಿತು. ಅದೇ ಬೆಳ್ಳಿಯ ತಟ್ಟೆ, ಅದೇ ವೀಳ್ಯದೆಲೆ. ಡಿಸ್ಕಿಗೆ ಕುಂಕುಮ ಹಚ್ಚಿ, ಮಲ್ಲಿಗೆ ಏರಿಸಿ, ತೆಂಗಿನಕಾಯಿ ಒಡೆದರು. ಕಾಯಿಯ ನೀರು ಡಿಸ್ಕಿನ ಬಾಯಿಗೆ ಸಿಡಿಯದಂತೆ ನಾನು ಅಂಗೈ ಅಡ್ಡ ಹಿಡಿದು ನಿಂತಿದ್ದರೆ, ಫೋಟೋದವನು ನನ್ನನ್ನೇ ಪಕ್ಕಕ್ಕೆ ಸರಿ ಎಂದು ಗದರಿಸಿದ.

ಮರುದಿನ ತುಂಬಿಸುವ ಕೆಲಸ. ವೇದಿಕೆಯ ಮೇಲೆ ಕುರ್ಚಿ ಹಾಕುತ್ತಾರಲ್ಲ, ಆ ಕ್ರಮದಲ್ಲೇ ಎಲ್ಲವೂ ಡಿಸ್ಕಿನೊಳಗೆ ಹೋಗಬೇಕೆಂದು ಗುರುಪಾದಪ್ಪ ಎದುರಿಗೇ ಕುಳಿತ. ಮೊದಲು ಅಧ್ಯಕ್ಷರ ಸನ್ಮಾನದ ವಿಡಿಯೋ. ಅದರ ಹಿಂದೆ ಪದಾಧಿಕಾರಿಗಳ ಪ್ರವಾಸ, ಕಾರ್ಯದರ್ಶಿಯ ಗೃಹಪ್ರವೇಶ, ದಾನಿಗಳ ಭಾವಚಿತ್ರ. ತಂಗೆವ್ವನ ಸರದಿ ಬರುವಷ್ಟರಲ್ಲಿ ಡಿಸ್ಕು ತುಂಬಿ ತುಳುಕಿತ್ತು.

"ಆ ಕರೇ ಡಿಸ್ಕೂ ತರಸ್ರಿ," ಎಂದು ಅಧ್ಯಕ್ಷರ ಮನೆಗೇ ಹೋಗಿ ಬೇಡಿಕೊಂಡೆ.

"ನಿನ್ನೆ ಲೋಕಾರ್ಪಣೆ ಮಾಡಿ ಇವತ್ತ ಇನ್ನೊಂದು ತಂದ್ರ ಮಂದಿ ಏನಂತಾರ? ಮೊದಲಿಂದು ಖೊಟ್ಟಿ ಅಂತಾರ. ಉಳದದ್ದು ಹಳೇ ಕಂಪ್ಯೂಟರದಾಗ ಇರಲಿ ಬಿಡೋ, ಎಲ್ಲಿಗೆ ಓಡಿ ಹೋಗ್ತೈತಿ?"

ಓಡಿ ಹೋಗಲಿಲ್ಲ, ಸತ್ತೇ ಹೋಯಿತು. ಆ ವಾರವೇ ಕಂಪ್ಯೂಟರು ಸದ್ದು ನಿಲ್ಲಿಸಿತು. ಯಾವ ರಿಪೇರಿಯವನಿಗೂ ಅದು ಬಾಯಿ ಬಿಡಲಿಲ್ಲ. ಅಧ್ಯಕ್ಷರು ಲೊಚಗುಟ್ಟಿ, ಸಂತಾಪಸಭೆ ಮಾಡೋಣವೇ ಎಂದು ಕೇಳಿದರು. ಥೂ! ಅವತ್ತು ಆ ಮನುಷ್ಯನ ಮೋರೆಯನ್ನು ಕಂಡು ನನಗೆ ಹೇಸಿಗೆಯಾಯಿತು.

ತಂಗೆವ್ವನ ಮಗಳು ಶಾವಂತ್ರವ್ವ ಸಂಘದ ಕಚೇರಿಗೆ ಬಂದದ್ದು ಇದಾದ ಮೇಲೆ. ಅವಳ ಮಗಳ ಮದುವೆ ಗೊತ್ತಾಗಿತ್ತು.

"ಅಣ್ಣಾರ, ಅರಿಶಿಣ ಬೀಸೂ ದಿನ ಅವ್ವನ ಒಂದ ಪದ ಹಚ್ಚಬೇಕ್ರಿ. ನನಗ ನುಡಿ ಬರ್ತಾವು. ಅವ್ವನ ದನಿ ಬರೂದಿಲ್ರಿ."

ಬಂಗಾರಬಣ್ಣದ ಡಿಸ್ಕನ್ನು ಕಚೇರಿಯ ಸಣ್ಣ ಟಿವಿಗೆ ಸಿಕ್ಕಿಸಿದೆ. ಅಧ್ಯಕ್ಷರ ಸನ್ಮಾನದ ಸಭೆಯಲ್ಲಿ ತಂಗೆವ್ವನಿಂದಲೇ ಪ್ರಾರ್ಥನೆ ಮಾಡಿಸಿದ್ದು ನೆನಪಾಗಿ ಆ ವಿಡಿಯೋ ಹಚ್ಚಿದೆ. ವೇದಿಕೆಯ ಅಂಚಿನಲ್ಲಿ ಬೀಸುಕಲ್ಲಿನ ಮುಂದೆ ಮುದುಕಿ ಕುಳಿತಿದ್ದಳು. ಒಂದು ಹಿಡಿ ಜೋಳ ಹಾಕಿ, ಗೂಟ ತಿರುವಿ, ಎರಡು ನುಡಿ ಹಾಡಿದಳೋ ಇಲ್ಲವೋ, ಚನಮಲ್ಲಪ್ಪನವರು "ಸಾಕ್ ಬೇ, ಸಾಕು" ಎಂದು ಮೈಕಿನ ಮುಂದೆ ಬಂದರು. ಕ್ಯಾಮೆರಾ ಅವರತ್ತ ಹೊರಳಿತು. ಸಂಸ್ಕೃತಿಯ ಉಳಿವು ಕುರಿತು ಭಾಷಣ ಶುರುವಾಯಿತು.

"ಇಷ್ಟ ಐತಿ ಶಾವಂತ್ರಕ್ಕ," ಎಂದು ನಿಲ್ಲಿಸಲು ಕೈ ಚಾಚಿದೆ. ಅವಳು ನನ್ನ ಕೈ ಹಿಡಿದಳು.

"ತಡೀರಿ ಅಣ್ಣಾರ. ಕಲ್ಲಿಗೆ ಹಾಕಿದ ಕಾಳು ತೀರೂತನಕ ಅವ್ವ ಪದ ಬಿಡಾಕಿ ಅಲ್ಲ."

ಕಿವಿಗೊಟ್ಟೆ. ಅಧ್ಯಕ್ಷರ ಗುಡುಗಿನ ಅಡಿಯಲ್ಲಿ, ದೂರದಲ್ಲಿ, ಬೀಸುಕಲ್ಲು ಗರಗರ ತಿರುಗುತ್ತಿತ್ತು. ಅದರ ಜೊತೆಗೇ ಸಣ್ಣಗೆ, ಯಾರಿಗೂ ಅಂಜದೆ, ತಂಗೆವ್ವನ ದನಿ ನಡೆದಿತ್ತು.

ಶಾವಂತ್ರವ್ವ ಮುಂದೆ ಬಾಗಿ, ಪರದೆಯ ಮೇಲಿನ ಆ ದೊಡ್ಡ ಮೋರೆಯನ್ನು ಅಂಗೈಯಿಂದ ಮುಚ್ಚಿ, ಕಣ್ಣು ಮುಚ್ಚಿಕೊಂಡು ಕಾಳು ತೀರುವವರೆಗೂ ಕೇಳಿದಳು.