ಲೇಬಲ್ಲಿಲ್ಲದ ರೆಕಾರ್ಡು

ನಮ್ಮ ಕಸುಬಿನಲ್ಲಿ ಏನು ಮಾಡಿದರೂ ಕ್ಷಮಿಸುತ್ತಾರೆ, ಇನ್ನೊಬ್ಬನ ಹಾಡಿನ ಸಾಲು ಕದ್ದರೆ ಮಾತ್ರ ಇಲ್ಲ. ಡೆಟ್ರಾಯಿಟ್‌ನ ರ‍್ಯಾಪರುಗಳು ಕುಡಿಯುತ್ತಾರೆ, ಬಡಿದಾಡುತ್ತಾರೆ, ಹೆಂಡಿರ ಕೈಲಿ ಬೈಸಿಕೊಳ್ಳುತ್ತಾರೆ, ಸಾಲು ಕದಿಯುವುದಿಲ್ಲ. ಅವರಲ್ಲೊಬ್ಬನಾದ ಕೀನನ್ ಕದ್ದದ್ದು ಒಂದು ಸಾಲನ್ನಲ್ಲ, ನನ್ನ ತಮ್ಮ ಲೀಲ್ಯಾಂಡ್ ಕಟ್ಟಿದ್ದ ಇಡೀ ಲೋಕವನ್ನು. ಅದು ಯಾರದೆಂದು ಅವನ ಬಾಯಿಂದಲೇ, ನಾಲ್ಕು ಜನರ ಎದುರು ಹೇಳಿಸದೆ ಬಿಡುವುದಿಲ್ಲ ಎಂದು ಗೊತ್ತಾದ ದಿನವೇ ನಿರ್ಧರಿಸಿದೆ.

ಲೋಕವೆಂದರೆ ಚಂದ್ರನ ಮೇಲಿನ ಒಂದು ಕಾರ್ಖಾನೆ. ಕೆಲಸದವರು ಒಳಗೆ ಹೋಗುವಾಗ ಗೇಟಿನಲ್ಲಿ ತಮ್ಮ ದನಿಯನ್ನು ಬಿಚ್ಚಿಟ್ಟು ಹೋಗಬೇಕು, ಹೊರಗೆ ಬರುವಾಗ ವಾಪಸು ಪಡೆಯಬೇಕು. ಒಂದು ದಿನ ಕಂಪನಿ ದನಿಗಳನ್ನು ವಾಪಸು ಕೊಡುವುದಿಲ್ಲ. ಮೂಕನಾದ ಒಬ್ಬ ತನ್ನದನ್ನು ಹುಡುಕಿಕೊಂಡು ಹೊರಡುತ್ತಾನೆ. ಹಾಡಿಗೊಂದು ಅಧ್ಯಾಯ, ಇಡೀ ಆಲ್ಬಮ್ಮಿಗೆ ಒಂದೇ ಕತೆ. ನಮ್ಮಪ್ಪ ಕಾರು ಕಾರ್ಖಾನೆಯಿಂದ ಬಂದು ಗೋಡೆ ನೋಡುತ್ತಾ ಕೂರುತ್ತಿದ್ದನಲ್ಲ, ಅದನ್ನು ಕಂಡು ಕಂಡು ಲೀಲ್ಯಾಂಡ್‌ಗೆ ಹೊಳೆದದ್ದು.

ಅವನು ಬರೆದಿಡುವವನಲ್ಲ, ಬಾಯಲ್ಲೇ ಕಟ್ಟುವವನು. ಅವನ ಗೆಳೆಯ ಕೀನನ್ ನಮ್ಮ ನೆಲಮಾಳಿಗೆಯಲ್ಲಿ ಕೂತು, ನಮ್ಮಮ್ಮ ಬಡಿಸಿದ್ದನ್ನು ಉಂಡು, ಎಲ್ಲವನ್ನೂ ಕಿವಿಗೆ ತುಂಬಿಕೊಂಡ. ಆಮೇಲೆ ಕ್ಯಾಪ್ಟನ್ ಆರ್ಬಿಟ್ ಎಂದು ಹೆಸರಿಟ್ಟುಕೊಂಡು ರೇಡಿಯೋದಲ್ಲಿ, "ಹೊಸ ಆಲ್ಬಮ್ ಮಾಡ್ತಿದೀನಿ. ಚಂದ್ರನ ಮೇಲೊಂದು ಕಾರ್ಖಾನೆ. ನಂಗೆ ಕನಸಲ್ಲಿ ಬಂದಿದ್ದು," ಎಂದ. ಅಂದಿನಿಂದ ಲೀಲ್ಯಾಂಡ್ ಹಾಡು ಬಿಟ್ಟ. ಕೇಳಿದರೆ "ಬಿಡಕ್ಕ" ಎನ್ನುತ್ತಿದ್ದ. ನಾನು ಬಿಡುವ ಪೈಕಿಯಲ್ಲ.

ನಾನು ಕೆಲಸಕ್ಕಿದ್ದದ್ದು ಹಳೆಯ ರೆಕಾರ್ಡುಗಳ ಅಂಗಡಿಯಲ್ಲಿ. ನಮ್ಮವರು ಹಳೆಯ ರೆಕಾರ್ಡಿನಿಂದ ಒಂದು ತುಣುಕು ಎತ್ತಿ ಅದರ ಮೇಲೆ ಹೊಸ ಹಾಡು ನಿಲ್ಲಿಸುತ್ತಾರೆ. ಸತ್ತವರ ಹಾಡಿನಿಂದ ಎತ್ತಿದರೆ ಕಸುಬು, ಬದುಕಿರುವ ಗೆಳೆಯನಿಂದ ಎತ್ತಿದರೆ ಕಳ್ಳತನ. ಒಳ್ಳೆಯ ರೆಕಾರ್ಡು ಸಿಕ್ಕಿದವನು ಬೇರೆಯವರಿಗೆ ಗುರುತು ಹತ್ತಬಾರದೆಂದು ಅದರ ಲೇಬಲ್ಲನ್ನು ನೀರಲ್ಲಿ ನೆನೆಸಿ ಕಿತ್ತುಬಿಡುತ್ತಾನೆ. ಹಾಗಾಗಿ ಲೇಬಲ್ಲಿಲ್ಲದ ರೆಕಾರ್ಡು ಕಂಡರೆ ಕಳ್ಳನ ಕೈ ತುರಿಸುತ್ತದೆ. ನನಗೆ ಬೇಕಾದದ್ದು ಅಂಥದೊಂದು ರೆಕಾರ್ಡು, ಅದರೊಳಗೆ ಒಂದು ದನಿ.

ಆ ದನಿ ಕೊಡೆಂದು ಕೇಳಲು ಕೀನನ್‌ನ ಅಜ್ಜಿಯ ಮನೆಗೇ ಹೋದೆ. ಅವನನ್ನು ಸಾಕಿದವಳು ಅವಳು. ಚರ್ಚಿನಲ್ಲಿ ಎಲ್ಲರೂ ಅವಳನ್ನು ಹಿರಿಯಳೆಂಬ ಗೌರವಕ್ಕೆ ಮದರ್ ಪೆಟಿಗ್ರೂ ಎನ್ನುತ್ತಾರೆ. ಅವಳ ಪ್ರಾರ್ಥನೆಯಲ್ಲಿ ಮಾತಿಲ್ಲ. ತುಟಿ ಮುಚ್ಚಿ, ಎದೆಯಿಂದ ಗುನುಗುತ್ತಾಳೆ. ಮೀನು ಹುರಿಯುವಾಗಲೂ ಅದೇ ಗುನುಗು. ಮೊಮ್ಮಗ ಕ್ಯಾಪ್ಟನ್ ಆದಮೇಲೆ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ನಾನು ಮುಚ್ಚುಮರೆ ಮಾಡದೆ ಅವನ ಕಳ್ಳತನ, ನನ್ನ ಉಪಾಯ ಎಲ್ಲ ಹೇಳಿದೆ.

"ನಿಜವಾಗ್ಲೂ ಕದ್ದಿದಾನಾ?"

"ಹೂಂ. ನಮ್ಮನೇಲಿ ಉಂಡು ಕದ್ದಿದಾನೆ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿಟ್ಟಳು. "ಗುನುಗ್ತೀನಿ. ಆದ್ರೆ ಕೇಳು, ಯೋಲಾಂಡಾ. ಮೊದಲ್ನೇ ಉಸಿರಿಗೇ ಅವನಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಓಡಿ ಬರ್ತಾನೆ. ಬಂದ್ರೆ ನಾನೇ ಅವನ ಕಿವಿ ಹಿಂಡಿ ನಿನ್ ತಮ್ಮನ ಹತ್ರ ಕಳಿಸ್ತೀನಿ. ಆಗ ನೀನು ಸುಮ್ಮನಾಗ್ಬೇಕು."

"ಗೊತ್ತಾಗ್ದಿದ್ರೆ?"

"ಆಗ ಎಲ್ಲಿಗೆ ಬರ್ಬೇಕು ಹೇಳು, ಚರ್ಚಿನ ಟೋಪಿ ಹಾಕ್ಕೊಂಡು ಬರ್ತೀನಿ."

ಅವಳ ಗುನುಗನ್ನು ಇದ್ದ ಹಾಗೆಯೇ ಹಿಡಿದು ಒಂದೇ ಒಂದು ರೆಕಾರ್ಡು ಕೊರೆಸಿದೆ. ಉಜ್ಜಿ ಗೀರು ಹಾಕಿ ಹಳೆಯದು ಮಾಡಿದೆ, ಲೇಬಲ್ಲು ಅಂಟಿಸಿ ಮತ್ತೆ ನೆನೆಸಿ ಕಿತ್ತೆ, ಅಂಗಡಿಯ ಹಿಂದಿನ ಪೆಟ್ಟಿಗೆಯಲ್ಲಿಟ್ಟೆ. ಕೀನನ್ ಎಂದಿನಂತೆ ಬಂದ, ಏನೂ ಆಗಿಲ್ಲದವನ ಹಾಗೆ.

"ಯೋಲಾ, ಇನ್ನೂ ಮುನಿಸಾ? ಕತೆ ಅನ್ನೋದು ಗಾಳೀಲಿರುತ್ತಮ್ಮ. ಹಿಡ್ಕೊಂಡೋನ್ದು."

"ಆಯ್ತಪ್ಪ ಕ್ಯಾಪ್ಟನ್ನು. ಆ ಪೆಟ್ಟಿಗೆ ಮಾತ್ರ ಮುಟ್ಬೇಡ, ಅದು ನಂದು," ಎಂದು ನಾನು ಮುಂದಿನ ಕೌಂಟರಿಗೆ ಹೋದೆ. ಅವನು ಹೊರಡುವಾಗ ಜಾಕೆಟ್ಟಿನ ಒಂದು ಮಗ್ಗುಲು ನೆಟ್ಟಗಿತ್ತು. ಹೋಗಿ ನೋಡಿದರೆ ಪೆಟ್ಟಿಗೆಯಲ್ಲಿ ಆ ರೆಕಾರ್ಡಿರಲಿಲ್ಲ.

ಅಜ್ಜಿ ಕಾದಳು. ಪ್ರತಿ ಭಾನುವಾರ ಚರ್ಚಿನಲ್ಲಿ ನನ್ನ ಮುಖ ನೋಡುತ್ತಿದ್ದಳು, ಅವನ ಸುದ್ದಿಯಿಲ್ಲವೆಂದು ನಾನು ತಲೆಯಾಡಿಸುತ್ತಿದ್ದೆ. ಅವನು ಬರಲಿಲ್ಲ. ಆಲ್ಬಮ್ ಬಂತು.

ಅದನ್ನು ಮೊದಲು ಕೇಳಿಸುವ ಕೂಟ ನಮ್ಮ ಅಂಗಡಿಯಲ್ಲೇ, ಶನಿವಾರ ಮಧ್ಯಾಹ್ನ. ಊರಿನ ರ‍್ಯಾಪರುಗಳು, ಡೀಜೆಗಳು ಎಲ್ಲ ಸೇರಿದ್ದರು. ಲೀಲ್ಯಾಂಡ್‌ನನ್ನು ನಾನೇ ಎಳೆದುಕೊಂಡು ಬಂದಿದ್ದೆ. ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದ. ರೆಕಾರ್ಡು ತಿರುಗಿಸುವ ಕೆಲಸ ನನ್ನದು. ಮೂಕನಿಗೆ ದನಿ ಸಿಗುವ ಕೊನೆಯ ಹಾಡು ಬಂತು, ಅದರ ಅಡಿಯಲ್ಲಿ ಆ ಗುನುಗು. ಜನ ಉಸಿರು ಬಿಗಿಹಿಡಿದರು. ಚೆನ್ನಾಗಿಯೇ ಮಾಡಿದ್ದ, ಅದು ನನ್ನ ಹೊಟ್ಟೆ ಇನ್ನಷ್ಟು ಉರಿಸಿತು.

ಕೀನನ್ ಮೈಕು ಹಿಡಿದ. "ಈ ಹೆಂಗಸು ಯಾರೋ ದಕ್ಷಿಣದ ರಾಜ್ಯದೋಳು, ಸತ್ತು ಎಷ್ಟೋ ಕಾಲ ಆಗಿದೆ. ಊರೂರು ಅಲೆದು ಹುಡುಕಿದ್ದು ನಾನು. ಇದನ್ನ ಕೇಳಿದಾಗೆಲ್ಲ ನಂಗೆ ಹಸಿವಾಗುತ್ತೆ. ಯಾಕೋ ಗೊತ್ತಿಲ್ಲ."

ನಾನು ಮುಳ್ಳನ್ನು ಎತ್ತಿದೆ. ರೆಕಾರ್ಡಿನ ಹಾಡು ನಿಂತಿತು, ಗುನುಗು ನಿಲ್ಲಲಿಲ್ಲ. ಹಿಂದಿನ ಸಾಲಿನಿಂದ ಬಿಳಿ ಟೋಪಿಯೊಂದು ಮುಂದೆ ಬಂತು. ಜನ ದಾರಿ ಬಿಟ್ಟರು. ಮದರ್ ಪೆಟಿಗ್ರೂ ಮೊಮ್ಮಗನ ಎದುರು ನಿಂತು, ಉಸಿರು ಮುಗಿಯುವವರೆಗೆ ಗುನುಗಿ ನಿಲ್ಲಿಸಿದಳು.

"ನಾನು ಸತ್ತು ಎಷ್ಟು ಕಾಲ ಆಯ್ತಪ್ಪಾ?"

ಅವನು ಮೈಕನ್ನು ಕೆಳಗಿಳಿಸತೊಡಗಿದ. "ಅಜ್ಜೀ..."

"ಕತೆ ಯಾರ್ದು?"

"ಮನೇಲಿ ಮಾತಾಡಣ, ಅಜ್ಜಿ."

"ಮನೆ ದಾರಿ ನಿಂಗೆ ಮರ್ತೋಗಿದೆ. ಇಲ್ಲೇ ಹೇಳು. ಮೈಕು ಕೆಳಗಿಳಿಸ್ಬೇಡ."

"ಲೀಲ್ಯಾಂಡ್‌ದು," ಎಂದ. ಹಿಂದಿನಿಂದ ಯಾರೋ "ಕೇಳಿಸ್ಲಿಲ್ಲ ಕ್ಯಾಪ್ಟನ್" ಎಂದರು. ಅವನು ಮತ್ತೊಮ್ಮೆ, ತಡವರಿಸದೆ ಹೇಳಿದ: "ಕತೆ ಪೂರ್ತಿ ಲೀಲ್ಯಾಂಡ್‌ದು. ನಾನು ಕದ್ದೆ." ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ. ಕನಿಕರ ಎಳ್ಳಷ್ಟೂ ಬರಲಿಲ್ಲ.

ಕಾರಿನಲ್ಲಿ ಅಜ್ಜಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಹಸಿವಾಗುತ್ತೆ ಅಂದ್ನಲ್ಲ. ಹೊಟ್ಟೆಗೆ ಗೊತ್ತಾಯ್ತು ನೋಡು, ಅವನಿಗೆ ಗೊತ್ತಾಗ್ಲಿಲ್ಲ," ಎಂದಳು. ಆ ದಾರಿಯಲ್ಲಿ ಅವಳು ಅತ್ತಳು, ನಾನು ಕಾರು ಓಡಿಸಿದೆ.

ಮರುದಿನ ಚರ್ಚು ಮುಗಿದಮೇಲೆ ನನ್ನನ್ನೂ ಲೀಲ್ಯಾಂಡ್‌ನನ್ನೂ ಊಟಕ್ಕೆ ಕರೆದಳು. ಹುರಿದ ಮೀನು, ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು. ಕೀನನ್ ಕೂರುತ್ತಿದ್ದ ಕುರ್ಚಿಯಲ್ಲಿ ಲೀಲ್ಯಾಂಡ್‌ನನ್ನು ಕೂರಿಸಿದಳು. ಊಟದ ನಡುವೆ ಜಾಲರಿ ಬಾಗಿಲ ಮೇಲೆ ಯಾರೋ ತಟ್ಟಿದರು.

"ಅಜ್ಜಿ, ನಾನು. ಬಾಗ್ಲು ತೆಗಿ."

ಅವಳು ಏಳಲಿಲ್ಲ. "ಆ ಆಲ್ಬಮ್ ಡಬ್ಬದ ಮೇಲೆ ಲೀಲ್ಯಾಂಡ್ ಹೆಸರು ಅಚ್ಚಾಗಿ ಬರ್ಲಿ. ಅದನ್ನ ಹಿಡ್ಕೊಂಡು ಬಾ, ತೆಗೀತೀನಿ."

"ಹಸಿವಾಗ್ತಿದೆ, ಅಜ್ಜಿ."

"ಆಗ್ಲಿ."

ಅವಳು ಎದ್ದು ಹೋಗಿ ಬಾಣಲೆಯ ಮುಂದೆ ನಿಂತು ಗುನುಗತೊಡಗಿದಳು. ಹೊರಗೆ ಅವನು ಮೆಟ್ಟಿಲ ಮೇಲೆ ಕೂತದ್ದು ಜಾಲರಿಯಿಂದ ಕಾಣುತ್ತಿತ್ತು. ಲೀಲ್ಯಾಂಡ್ ಫೋರ್ಕಿನಿಂದ ಮೇಜಿನ ಅಂಚನ್ನು ಗುನುಗಿಗೆ ತಕ್ಕಂತೆ ತಟ್ಟಿದ, ಒಂದು ಸಾಲು ಹೇಳಿದ, ನಿಲ್ಲಿಸಿ ತಿದ್ದಿ ಮತ್ತೆ ಹೇಳಿದ. ನಾನು ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದೆ, ಆ ವಾಸನೆ ಹೊರಗೆ ಹೋಗಲೆಂದು ಕಿಟಕಿಯನ್ನು ಪೂರ್ತಿ ತೆರೆದಿಟ್ಟೆ.